ಎಂಸಿಜಿಗೆ ಹೋದ್ರೆ ಯಾಕೆ ಸೋಲುದು ಮಾಮ?

ಈ ಪ್ರಶ್ನೆ ನನ್ನದಲ್ಲ, ನನ್ನ ತಂಗಿಯ ಮಗನದ್ದು. ಹನ್ನೊಂದು ವರ್ಷದ ಹುಡುಗ, ಹುಟ್ಟಿ ಬೆಳೆದದ್ದೆಲ್ಲ ಬ್ರಿಸ್ಬೇನ್‌ನಲ್ಲಿ, ಆದ್ರೂ ಮನೆಯೊಳಗೆ ನಮ್ಮ ಕನ್ನಡವೇ. 2025ರ ಸೆಪ್ಟೆಂಬರ್ 5, ತಿರುವೋಣದ ದಿನ. ಮನೆಮಾತು ಕನ್ನಡವೇ ಆದ್ರೂ ಓಣಂ ರಜೆ ಕಾಸರಗೋಡಿನ ಕನ್ನಡ ಶಾಲೆಗಳಿಗೂ ಉಂಟಲ್ಲ, ಹಾಗಾಗಿ ಮಧ್ಯಾಹ್ನದ ಊಟ ಮುಗಿಸಿ ನಾನು ಅಂಗಳದ ತುದಿಯ ಹಲಸಿನ ಮರದ ಬುಡದಲ್ಲಿ ಫೋನ್ ಹಿಡ್ಕೊಂಡು ಕೂತಿದ್ದೆ, ನಮ್ಮಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುದು ಅಲ್ಲಿ ಮಾತ್ರ. ಹುಡುಗನ ಮೆಚ್ಚಿನ ಬ್ರಿಸ್ಬೇನ್ ಲಯನ್ಸ್ ತಂಡ ಮೆಲ್ಬರ್ನ್ ಕ್ರಿಕೆಟ್ ಗ್ರೌಂಡಿನಲ್ಲಿ, ಅಂದ್ರೆ ಎಂಸಿಜಿಯಲ್ಲಿ, ಜೀಲಾಂಗ್ ಎದುರು ಫೈನಲ್ಸ್ ಅನ್ನುವ ಸೀಸನ್ ಕೊನೆಯ ಸುತ್ತಿನ ಮೊದಲ ಮ್ಯಾಚ್ ಆಡ್ತಾ ಇತ್ತು. 38 ಪಾಯಿಂಟಿನಲ್ಲಿ ಸೋತಿತು. ಸಂಜೆ ಹುಡುಗ ಫೋನ್ ಮಾಡಿದ, ಗಂಟಲು ಕಟ್ಟಿತ್ತು, ಕೇಳಿದ್ದು ಒಂದೇ ಮಾತು, ಅವರು ಅಲ್ಲಿಗೆ ಹೋದ್ರೆ ಯಾಕೆ ಸೋಲುದು ಮಾಮ ಅಂತ. ನಾನು ಎಂತದೋ ಹೇಳಿ ಸಮಾಧಾನ ಮಾಡಿದೆ, ಆದ್ರೆ ಅದು ಉತ್ತರ ಅಲ್ಲ ಅಂತ ನನಗೇ ಗೊತ್ತಿತ್ತು. ಅದನ್ನು ಸರಿಯಾಗಿ ಯೋಚಿಸಿ ಈಗ ಬರೀತಾ ಇದ್ದೇನೆ.

ಈ ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ಬೇಕು. ಇದು ಆಸ್ಟ್ರೇಲಿಯದ್ದೇ ಆದ ಫುಟ್ಬಾಲ್, ಅಲ್ಲಿಯವರು ಫೂಟಿ ಅಂತಾರೆ. ಚೆಂಡು ಮೊಟ್ಟೆಯಾಕಾರ, ಗ್ರೌಂಡೂ ಮೊಟ್ಟೆಯಾಕಾರ, ಕ್ರಿಕೆಟ್ ಗ್ರೌಂಡೇ, ಒಂದೊಂದು ಕಡೆ 18 ಜನ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ, ನಡುವಿನ ಎರಡು ಕಂಬದ ಮಧ್ಯೆ ಒದ್ದು ದಾಟಿಸಿದ್ರೆ 6 ಪಾಯಿಂಟಿನ ಗೋಲ್, ಪಕ್ಕದ ಕಂಬದ ನಡುವೆ ಹೋದ್ರೆ 1 ಪಾಯಿಂಟ್, ಅದಕ್ಕೆ ಬಿಹೈಂಡ್ ಅಂತ ಹೆಸರು. ಆಫ್‌ಸೈಡ್ ಇಲ್ಲ. 15 ಮೀಟರ್ ಆದ್ರೂ ಹಾರಿ ಬಂದ ಕಿಕ್ಕನ್ನು ನೆಲಕ್ಕೆ ಬೀಳುವ ಮೊದಲು ಹಿಡಿದ್ರೆ ಅದು ಮಾರ್ಕ್, ಹಿಡಿದವನಿಗೆ ಅಡ್ಡಿ ಇಲ್ಲದೆ ಒದೆಯುವ ಹಕ್ಕು. ಈ ಮಾರ್ಕ್ ಅನ್ನುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

ಲಯನ್ಸ್‌ನ ಮನೆ ಬ್ರಿಸ್ಬೇನಿನ ಗಾಬಾ ಗ್ರೌಂಡ್. ಗಾಬಾ ಅಂದ ಕೂಡ್ಲೇ ನಮಗೆಲ್ಲ 2021ರ ಜನವರಿ ನೆನಪಾಗ್ತದೆ, ರಿಷಭ್ ಪಂತ್ ಕೊನೆಯವರೆಗೆ ನಿಂತು ಗೆಲ್ಲಿಸಿದ ಆ ಟೆಸ್ಟ್. 1988ರ ನಂತರ ಆಸ್ಟ್ರೇಲಿಯ ಅಲ್ಲಿ ಒಂದು ಟೆಸ್ಟೂ ಸೋತಿರಲಿಲ್ಲ. ಫೂಟಿಯಲ್ಲೂ ಗಾಬಾ ಅಂಥದೇ ಕೋಟೆ. 2019ರಿಂದ ಈಚೆಗೆ ಅಲ್ಲಿಗೆ ಬಂದು ಗೆದ್ದು ಹೋಗುದು ಯಾರಿಗೂ ಸುಲಭ ಆಗ್ಲಿಲ್ಲ, 2023ರಲ್ಲಂತೂ ಲಯನ್ಸ್ ಅಲ್ಲಿ ಒಂದೇ ಒಂದು ಮ್ಯಾಚ್ ಬಿಟ್ಟುಕೊಡಲಿಲ್ಲ, ಫೈನಲ್ಸ್ ಸೇರಿಸಿ. ಅದೇ ತಂಡ ಎಂಸಿಜಿಗೆ ಹೋದ್ರೆ? 2014ರಲ್ಲಿ ಅಲ್ಲಿ ಒಮ್ಮೆ ಗೆದ್ದವರು ಮತ್ತೆ ಗೆದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ ಸಾಲಾಗಿ 11 ಸೋಲು.

ಜನ ಇದಕ್ಕೆ ಕೊಡುವ ವಿವರಣೆ ಎಲ್ಲ ಕಡೆ ಒಂದೇ. ದೊಡ್ಡ ಗ್ರೌಂಡ್ ಕಂಡ್ರೆ ಹೆದರ್ತಾರೆ, ಮನಸ್ಸು ಗಟ್ಟಿ ಇಲ್ಲ, ಮನೇಲಿ ಹುಲಿ ಬೀದೀಲಿ ಇಲಿ. ನನಗೆ ಈ ಮಾತು ಕೇಳಿದ್ರೆ ಬೇಜಾರಾಗ್ತದೆ. ಕಾಸರಗೋಡಿನ ಕನ್ನಡ ಶಾಲೆಯ ಮೇಷ್ಟ್ರಾಗಿ ಮಕ್ಕಳನ್ನು ಚಂದ್ರಗಿರಿ ಹೊಳೆ ದಾಟಿಸಿ ಎಷ್ಟೋ ಸಲ ಆಟಕ್ಕೆ ಕರ್ಕೊಂಡು ಹೋಗಿದ್ದೇನೆ, ಸೋತು ಬಂದಾಗಲೆಲ್ಲ ಊರಿನವರ ಬಾಯಲ್ಲಿ ಇದೇ ಮಾತು. ಹೆದರಿಕೆ ಅಂತ ಹೇಳಿಬಿಟ್ಟರೆ ಮತ್ತೆ ಯಾರೂ ಆಟ ನೋಡುದಿಲ್ಲ, ಚೆಂಡು ಎಲ್ಲಿಗೆ ಹೋಯ್ತು, ಯಾಕೆ ಹೋಯ್ತು ಅಂತ ಕೇಳುದಿಲ್ಲ.

ಪ್ರಯಾಣ ಕಾರಣವಾ? ಅರ್ಧ ಸತ್ಯ. ಬ್ರಿಸ್ಬೇನ್‌ನಿಂದ ಮೆಲ್ಬರ್ನ್‌ಗೆ ವಿಮಾನದಲ್ಲಿ ಎರಡು ಗಂಟೆ ಮೇಲೆ ಸ್ವಲ್ಪ. ಪರ್ತ್‌ನ ವೆಸ್ಟ್ ಕೋಸ್ಟ್ ಮತ್ತು ಫ್ರೀಮ್ಯಾಂಟಲ್‌ನವರಿಗೆ ಸುಮಾರು 2,700 ಕಿಲೋಮೀಟರ್, ವರ್ಷಕ್ಕೆ ಹತ್ತರ ಹತ್ತಿರ ಸಲ, ಮೇಲಿಂದ ಗಡಿಯಾರ ಬೇರೆ ಎರಡು ಗಂಟೆ ವ್ಯತ್ಯಾಸ. ಆದ್ರೂ ವೆಸ್ಟ್ ಕೋಸ್ಟ್‌ನವರು 2018ರಲ್ಲಿ ಎಂಸಿಜಿಗೇ ಬಂದು ಕಾಲಿಂಗ್‌ವುಡ್ಡನ್ನು 5 ಪಾಯಿಂಟಿನಿಂದ ಸೋಲಿಸಿ ಕಪ್ ತೆಗೊಂಡು ಹೋದ್ರು. ಸುಸ್ತು ಇರ್ತದೆ, ಇಲ್ಲ ಅಂತ ಹೇಳುದಿಲ್ಲ, ಆದ್ರೆ ಎಂಟು ವರ್ಷ ಸೋಲಿಸುವಷ್ಟು ಸುಸ್ತು ಎರಡು ಗಂಟೆಯ ವಿಮಾನದಲ್ಲಿ ಇಲ್ಲ.

ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಆ 11 ಅನ್ನುವ ಸಂಖ್ಯೆಯೇ. ಎಂಟು ವರ್ಷದಲ್ಲಿ ಹನ್ನೊಂದು ಮ್ಯಾಚ್! ಅಂದ್ರೆ ವರ್ಷಕ್ಕೆ ಒಂದು, ಹೆಚ್ಚೆಂದ್ರೆ ಎರಡು. ಯಾವ ಗ್ರೌಂಡಿನಲ್ಲಿ ಕಪ್ ತೀರ್ಮಾನ ಆಗುವ ಗ್ರ್ಯಾಂಡ್ ಫೈನಲ್ ನಡೀತದೋ ಆ ಗ್ರೌಂಡಿಗೆ ಇವರು ನೆಂಟರ ಹಾಗೆ ವರ್ಷಕ್ಕೊಮ್ಮೆ ಹೋಗುದು. ಲೀಗಿನ ಲೆಕ್ಕ ಹೇಗೆ ಅಂದ್ರೆ 18 ತಂಡ, ಅದರಲ್ಲಿ 10 ವಿಕ್ಟೋರಿಯ ರಾಜ್ಯದ್ದೇ, ಈಗ ಒಂದು ಸೀಸನ್‌ಗೆ 23 ಮ್ಯಾಚ್, ಹಾಗಾಗಿ ಎಲ್ಲರ ಜೊತೆ ಒಮ್ಮೆ, ಆರು ತಂಡಗಳ ಜೊತೆ ಮಾತ್ರ ಎರಡು ಸಲ. ಮೆಲ್ಬರ್ನ್ ಊರಿಗೆ ಹೋದ್ರೂ ಎಂಸಿಜಿ ಸಿಗ್ತದೆ ಅಂತ ಇಲ್ಲ, ನಾರ್ತ್ ಮೆಲ್ಬರ್ನ್, ಸೇಂಟ್ ಕಿಲ್ಡಾ, ವೆಸ್ಟರ್ನ್ ಬುಲ್‌ಡಾಗ್ಸ್ ಎದುರಾದ್ರೆ ಆಟ ಡಾಕ್‌ಲ್ಯಾಂಡ್ಸ್‌ನ ಛಾವಣಿ ಇರುವ ಸ್ಟೇಡಿಯಂನಲ್ಲಿ. ಎಂಸಿಜಿಯನ್ನು ಮನೆ ಮಾಡಿಕೊಂಡವರು ಮೆಲ್ಬರ್ನ್, ಕಾಲಿಂಗ್‌ವುಡ್, ರಿಚ್‌ಮಂಡ್, ಹಾಥಾರ್ನ್.

ಈಗ ಇನ್ನೊಂದು ಲೆಕ್ಕ ನೋಡಿ, ಇದನ್ನು ನಾನು ಒಂದು ರಾತ್ರಿ ಕೂತು ಕಾಗದದಲ್ಲಿ ಬರೆದು ನೋಡಿದ್ದು. 2013ರಿಂದ 2023ರ ತನಕ 11 ಕಪ್. ಹಾಥಾರ್ನ್ 2013, 2014, 2015. ರಿಚ್‌ಮಂಡ್ 2017, 2019, 2020. ಮೆಲ್ಬರ್ನ್ 2021. ಕಾಲಿಂಗ್‌ವುಡ್ 2023. ಹನ್ನೊಂದರಲ್ಲಿ ಎಂಟು ಈ ನಾಲ್ಕು ಮನೆಗೇ ಹೋಗಿದೆ! ಹಾಗಾದ್ರೆ ಲಯನ್ಸ್ ಎಂಸಿಜಿಗೆ ಹೋದಾಗೆಲ್ಲ ಎದುರಿಗೆ ನಿಲ್ಲುದು ಯಾರು? ಆ ಕಾಲದ ಬಲಾಢ್ಯರೇ. ಬೇರೆ ಊರಲ್ಲಿ ದುರ್ಬಲ ತಂಡವನ್ನು ಬೇರೆ ಗ್ರೌಂಡಿನಲ್ಲಿ ಸೋಲಿಸಿ ಬರ್ತಾರೆ, ಬಲವಾದ ತಂಡವನ್ನು ಗಾಬಾದಲ್ಲಿ ಸೋಲಿಸ್ತಾರೆ, ಬಲವಾದ ತಂಡ ಮತ್ತು ಪರರ ಗ್ರೌಂಡ್ ಎರಡೂ ಒಟ್ಟಿಗೆ ಬಂದಾಗ ಸೋಲ್ತಾರೆ, ಆ ಎರಡನ್ನೂ ಬಿಡಿಸಿ ನೋಡ್ಲಿಕ್ಕೇ ಆಗುದಿಲ್ಲ, ಯಾಕಂದ್ರೆ ಎರಡೂ ಬರುದೇ ಜೋಡಿಯಾಗಿ. 2004ರಲ್ಲಿ ಇನ್ನೂ ಒಂದು ಅನ್ಯಾಯ ಆಗಿತ್ತು, ಲಯನ್ಸ್ ತನ್ನ ಮನೆಯಲ್ಲಿ ಆಡುವ ಹಕ್ಕು ಗಳಿಸಿದ ಪ್ರಿಲಿಮಿನರಿ ಫೈನಲನ್ನು, ಅಂದ್ರೆ ಗ್ರ್ಯಾಂಡ್ ಫೈನಲಿಗೆ ಮೊದಲಿನ ಮ್ಯಾಚನ್ನು ಕೂಡ ಗ್ರೌಂಡಿನ ಒಪ್ಪಂದದ ಕಾರಣಕ್ಕೆ ಎಂಸಿಜಿಯಲ್ಲಿ ಜೀಲಾಂಗ್ ಎದುರು ಆಡ್ಬೇಕಾಯ್ತು. ಗೆದ್ರು, ಆದ್ರೆ ಮುಂದಿನ ವಾರ ಕಪ್ ಪೋರ್ಟ್ ಅಡಿಲೇಡ್ ಪಾಲಾಯ್ತು. ಇದನ್ನು ಓದಿದಾಗ ಇಪ್ಪತ್ತು ವರ್ಷ ಹಳೇ ಸುದ್ದಿ ಆದ್ರೂ ನನಗೆ ಸಿಟ್ಟು ಬಂದಿತ್ತು.

ಗ್ರೌಂಡಿನ ಅಳತೆ ಅಂತ ಕೆಲವರು ಹೇಳ್ತಾರೆ. ಈ ಆಟದಲ್ಲಿ ಗ್ರೌಂಡಿಗೆ ಒಂದೇ ಅಳತೆ ಅಂತ ಇಲ್ಲ ಅನ್ನುದು ನಿಜ, ಜೀಲಾಂಗ್‌ನ ಕಾರ್ಡಿನಿಯ ಪಾರ್ಕ್ ಸುಮಾರು 170 ಮೀಟರ್ ಉದ್ದ, ಅಗಲ 115 ಮಾತ್ರ, ಓಣಿಯ ಹಾಗೆ. ಅಲ್ಲಿ ಬದಿಯಿಂದ ಆಡಿ ಅಭ್ಯಾಸ ಇದ್ದವರಿಗೆ ಬದಿಯೇ ಇಲ್ಲ. ಆದ್ರೆ ಗಾಬಾಕ್ಕೂ ಎಂಸಿಜಿಗೂ ಅಷ್ಟು ದೊಡ್ಡ ವ್ಯತ್ಯಾಸ ಇಲ್ಲ, ಕೆಲವು ಮೀಟರ್ ಅಷ್ಟೆ. ವ್ಯತ್ಯಾಸ ಇರುದು ಗಾಳಿಯಲ್ಲಿ. ಬ್ರಿಸ್ಬೇನ್ ನಮ್ಮ ಕರಾವಳಿಯ ಹಾಗೆ ಶೆಕೆಯ ಊರು, ರಾತ್ರಿ ಇಬ್ಬನಿ ಬಿದ್ದು ಚೆಂಡು ಕೈಯಿಂದ ಜಾರ್ತದೆ. ನಾನು 2019ರ ಬೇಸಿಗೆ ರಜೆಯಲ್ಲಿ ತಂಗಿಯ ಮನೆಗೆ ಹೋದಾಗ ಗಾಬಾದಲ್ಲಿ ಒಂದು ರಾತ್ರಿ ಮ್ಯಾಚ್ ನೋಡಿದೆ, ಕೊನೆಯ ಕ್ವಾರ್ಟರ್ ಹೊತ್ತಿಗೆ ಎಲ್ಲರೂ ಕೈಯನ್ನು ಚಡ್ಡಿಗೆ ಒರೆಸಿಕೊಳ್ತಾ ಇದ್ರು. ಚೆಂಡು ಜಾರುವಾಗ ಸಣ್ಣ ಸಣ್ಣ ಪಾಸ್ ಮಾಡುದು ಅಪಾಯ, ಎತ್ತಿ ಮುಂದೆ ಒದ್ದುಬಿಡುದು ಲಾಭ. ಈ ಅಭ್ಯಾಸವೇ ಮುಂದೆ ಕುತ್ತಾದದ್ದು ಅಂತ ನನ್ನ ಲೆಕ್ಕಾಚಾರ.

ಇದು ನನಗೆ ಹೊಳೆದದ್ದು ನಮ್ಮ ವಾಲಿಬಾಲ್‌ನಿಂದ. ಬದಿಯಡ್ಕ ಕಡೆಯ ಗುಡ್ಡೆಯಲ್ಲಿ ನಮ್ಮ ಕೋರ್ಟ್ ಇರುದು, ಮುರಕಲ್ಲಿನ ಗುಡ್ಡೆ ತೆಗೆದು ಮಾಡಿದ ಜಾಗ, ಮೂರು ಕಡೆ ಎರಡಾಳೆತ್ತರದ ಬರೆ, ನಾಲ್ಕನೇ ಕಡೆ ಅಡಕೆ ತೋಟ. ಗಾಳಿ ಅಂದ್ರೆ ಏನು ಅಂತ ಆ ಕೋರ್ಟಿಗೆ ಗೊತ್ತಿಲ್ಲ. ಹಾಗಾಗಿ ನಮ್ಮ ಸೆಟ್ಟರ್‌ಗಳು ತಲೆಮಾರಿನಿಂದ ಎತ್ತಿ ಕೊಡ್ತಾರೆ, ಆಂಟೆನಾದಿಂದ ಎಷ್ಟೋ ಮೇಲೆ, ಹೊಡೆಯುವವನಿಗೆ ಬೇಕಾದಷ್ಟು ಟೈಮ್. ನಮ್ಮ ಕೋರ್ಟಿನಲ್ಲಿ ರಾತ್ರಿ ಟೂರ್ನಮೆಂಟ್ ಇಟ್ಟರೆ ಎಂಥ ತಂಡ ಬಂದ್ರೂ ನಾವು ಸೆಮಿ ದಾಟುದು ಖಂಡಿತ. ಅದೇ ಹುಡುಗರು ಉಪ್ಪಳ, ಕುಂಬಳೆ ಕಡೆ ಕಡಲ ಬದಿಯ ಕೋರ್ಟಿಗೆ ಹೋದ್ರೆ ಸಂಜೆಯ ಗಾಳಿಗೆ ಆ ಎತ್ತರದ ಸೆಟ್ ಒಂದು ಗೇಣು ಸರೀತದೆ. ಒಂದು ಗೇಣು ಸಾಕು. ಹೊಡೆಯುವವನ ಕೈ ಚೆಂಡಿನ ಕೆಳಗೆ ಸಿಕ್ತದೆ.

ಆದ್ರೆ ಗಮನಿಸಬೇಕಾದ್ದು ಇದಲ್ಲ. ಕಡಲ ಬದಿಯಲ್ಲೂ ದುರ್ಬಲ ತಂಡ ಸಿಕ್ಕಿದ್ರೆ ನಾವು ಗೆಲ್ತಿದ್ದೆವು! ಸೆಟ್ ಸರಿದ್ರೂ, ಹೊಡೆತ ಹಗುರ ಆದ್ರೂ, ಆಚೆಯವರು ಅದನ್ನು ಎತ್ತಲಾರದೆ ಬಿಡ್ತಿದ್ರು. ಬಲವಾದ ಬ್ಲಾಕ್ ಇರುವ ತಂಡ ಸಿಕ್ಕಿದ್ರೆ ಮಾತ್ರ ಆ ಹಗುರ ಚೆಂಡು ನೇರ ನಮ್ಮ ಕಾಲಬುಡಕ್ಕೆ. ಅಂದ್ರೆ ತಪ್ಪು ಹೊಸತಲ್ಲ, ಅದು ನಮ್ಮ ಹತ್ತಿರ ಯಾವಾಗಲೂ ಇತ್ತು, ಮನೆಯ ಕೋರ್ಟ್ ಅದನ್ನು ಮುಚ್ಚಿಡ್ತಿತ್ತು, ದುರ್ಬಲ ತಂಡವೂ ಮುಚ್ಚಿಡ್ತಿತ್ತು, ಎರಡೂ ಮುಚ್ಚಳ ಒಟ್ಟಿಗೆ ತೆಗೆದಾಗ ಕಾಣ್ತಿತ್ತು. ನಾವು ಅದಕ್ಕೆ ದುರಾದೃಷ್ಟ ಅಂತ ಹೆಸರಿಟ್ಟು ಮನೆಗೆ ಬರ್ತಿದ್ದೆವು.

ಈಗ ಆ ಕಾಲದ ಲಯನ್ಸ್ ನೋಡಿ. ಮುಂದೆ ಜೋ ಡ್ಯಾನಿಹರ್, ಎರಿಕ್ ಹಿಪ್‌ವುಡ್ ಅಂತ ಎರಡು ಉದ್ದದ ಆಳುಗಳು ಇದ್ರು. ನಡುವಿನಲ್ಲಿ ಲಾಕಿ ನೀಲ್, 2020 ಮತ್ತು 2023ರಲ್ಲಿ ಲೀಗಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕ ಗೆದ್ದವ, ಚೆಂಡನ್ನು ಗುಂಪಿನೊಳಗಿಂದ ಹೆಕ್ಕಿ ತೆಗೆಯುದರಲ್ಲಿ ಅವನನ್ನು ಮೀರಿಸಿದವರು ಕಡಿಮೆ. ಚೆಂಡು ಸಿಕ್ಕಿದ ಕೂಡ್ಲೇ ಉದ್ದಕ್ಕೆ ಎತ್ತಿ ಮುಂದೆ ಒದೀತಿದ್ರು, ಉದ್ದದವರು ಹಿಡಿದ್ರೆ ಮಾರ್ಕ್, ಹಿಡಿಯದೆ ಕೆಳಗೆ ಬಿದ್ರೆ ಚಾರ್ಲಿ ಕ್ಯಾಮರನ್ ಥರದ ಚುರುಕು ಹುಡುಗರು ಹೆಕ್ಕಿ ಗೋಲ್. ಸಾಧಾರಣ ತಂಡದ ಮೇಲೆ ಇದು ಬಿರುಗಾಳಿಯ ಹಾಗೆ ಕೆಲಸ ಮಾಡ್ತಿತ್ತು, ನೋಡ್ಲಿಕ್ಕೂ ಭಾರೀ ಚೆಂದ. ಆದ್ರೆ 2021, 22ರ ಮೆಲ್ಬರ್ನ್ ತಂಡದಲ್ಲಿ ಹಿಂದೆ ಸ್ಟೀವನ್ ಮೇ, ಜೇಕ್ ಲೆವರ್ ಅಂತ ಇಬ್ಬರು ಇದ್ರು, ಅವರ ಕೆಲಸವೇ ಇಂಥ ಎತ್ತರದ ಚೆಂಡು ಎಲ್ಲಿ ಬೀಳ್ತದೆ ಅಂತ ಮೊದಲೇ ಓದಿ, ತಮ್ಮ ಆಳನ್ನು ಬಿಟ್ಟು ಬಂದು ಅಡ್ಡ ಹಿಡಿಯುದು. ಒಮ್ಮೆ ಅವರು ಮಾರ್ಕ್ ಮಾಡಿದ್ರೆ ಲಯನ್ಸ್‌ನವರೆಲ್ಲ ಮುಂದೆ ಓಡಿ ಬಂದಿರ್ತಾರೆ, ಹಿಂದೆ ಖಾಲಿ ಗದ್ದೆ. 2022ರಲ್ಲಿ ಎಂಸಿಜಿಯಲ್ಲಿ 64 ಪಾಯಿಂಟಿನ ಸೋಲು. ಅದೇ ವರ್ಷ ಲೀಗಿನ ಕೊನೆ ರೌಂಡಿನಲ್ಲಿ ಅದೇ ಮೆಲ್ಬರ್ನ್ ಗಾಬಾಕ್ಕೇ ಬಂದು 58 ಪಾಯಿಂಟಿನಿಂದ ಸೋಲಿಸಿ ಹೋಯ್ತು. ಈ ಎರಡನೇ ಸೋಲು ನನ್ನ ಮಟ್ಟಿಗೆ ದೊಡ್ಡ ಸಾಕ್ಷಿ, ಯಾಕಂದ್ರೆ ಎಂಸಿಜಿಯೇ ಭೂತ ಆಗಿದ್ರೆ ಗಾಬಾದಲ್ಲಿ ಯಾಕೆ ಸೋಲ್ಬೇಕು?

ಪ್ರೇಕ್ಷಕರ ವಿಷಯ ಬಿಟ್ಟರೆ ತಪ್ಪಾಗ್ತದೆ. ಅಲ್ಲಿ ನಾಯ್ಸ್ ಆಫ್ ಅಫರ್ಮೇಶನ್ ಅಂತ ಒಂದು ಮಾತೇ ಉಂಟು, ಮನೆಯ ಜನ ಒಟ್ಟಿಗೆ ಕೂಗಿದ್ರೆ ಅಂಪೈರ್‌ನ ಸೀಟಿ ಆ ಕಡೆ ವಾಲ್ತದೆ ಅಂತ. ಇರಬಹುದು, ನಮ್ಮ ಮಕ್ಕಳ ಆಟಗಳಲ್ಲೂ ಗೆರೆಯ ಮೇಲೆ ಬಿದ್ದ ಚೆಂಡು ಯಾರ ಊರಿನದ್ದು ಅಂತ ನೋಡಿ ತೀರ್ಮಾನ ಆದದ್ದು ನಾನು ಕಂಡಿದ್ದೇನೆ. ಆದ್ರೆ ನನ್ನ ಅನುಭವದಲ್ಲಿ ಗದ್ದಲ ಮಾಡುವ ದೊಡ್ಡ ನಷ್ಟ ಬೇರೆ. ಒಬ್ಬರನ್ನೊಬ್ಬರು ಕೇಳುದೇ ಇಲ್ಲ. ನಮ್ಮ ಹುಡುಗರು ಕೋರ್ಟಿನೊಳಗೆ ತುಳುವಿನಲ್ಲೋ ಕನ್ನಡದಲ್ಲೋ ಕೂಗಿ ಆಡುವವರು, ಹೊಳೆಯಾಚೆ ಸಾವಿರ ಜನ ಮಲಯಾಳದಲ್ಲಿ ಬೊಬ್ಬೆ ಹೊಡೆಯುವಾಗ "ಬುಡ್ಲ" ಅಂದದ್ದು ಪಕ್ಕದವನಿಗೆ ಕೇಳದೆ ಇಬ್ಬರೂ ಒಂದೇ ಚೆಂಡಿಗೆ ಹೋಗಿ ಡಿಕ್ಕಿ. ಫೂಟಿಯಲ್ಲಂತೂ 360 ಡಿಗ್ರಿಯಿಂದ ಟ್ಯಾಕಲ್ ಬರ್ತದೆ, ಬೆನ್ನ ಹಿಂದೆ ಆಳು ಉಂಟು ಅಂತ ಹೇಳುದು ಜೊತೆಗಾರನ ಸ್ವರ ಮಾತ್ರ. ಎಂಸಿಜಿಯಲ್ಲಿ ಲಕ್ಷ ಜನ ಕೂಗುವಾಗ ಆ ಸ್ವರ ಇಲ್ಲ. ಆಗ ಆಟಗಾರ ಏನು ಮಾಡ್ತಾನೆ? ಅಭ್ಯಾಸ ಇದ್ದದ್ದನ್ನೇ ಮಾಡ್ತಾನೆ, ಎತ್ತಿ ಉದ್ದಕ್ಕೆ ಒದೀತಾನೆ. ಎಲ್ಲ ಸುತ್ತಿ ಅಲ್ಲಿಗೇ ಬಂತು ನೋಡಿ.

2022ರ ಸೆಪ್ಟೆಂಬರ್ 9, ಅದೂ ಓಣಂ ಮಾರನೇ ದಿನವೇ. ಸೆಮಿಫೈನಲ್, ಎಂಸಿಜಿ, ಎದುರಿಗೆ ಹಿಂದಿನ ವರ್ಷದ ಚಾಂಪಿಯನ್ ಮೆಲ್ಬರ್ನ್. ಡ್ಯಾನಿಹರ್ ಆಡ್ಲಿಲ್ಲ, ಮಗು ಹುಟ್ಟುವ ಸಮಯ ಅಂತ ಮನೆಯಲ್ಲೇ ನಿಂತಿದ್ದ. ಇನ್ನು ಮುಗೀತು ಅಂತ ತಂಗಿ ಮೆಸೇಜ್ ಹಾಕಿದ್ಲು. ಮೊದಲರ್ಧದಲ್ಲಿ ಹಿಂದೆಯೇ ಇದ್ರು. ಆಮೇಲೆ ಆಟ ತಿರುಗಿತು, ನನಗೆ ಕಂಡದ್ದು ಏನಂದ್ರೆ ಎತ್ತಿ ಒದೀಲಿಕ್ಕೆ ಆ ಉದ್ದದ ಆಳು ಇಲ್ಲದ ಕಾರಣ ಚೆಂಡು ಬೇರೆ ಬೇರೆ ದಾರಿಯಲ್ಲಿ ಹೋಗ್ಲಿಕ್ಕೆ ಶುರುವಾಯ್ತು, ಮೇ ಎಲ್ಲಿ ನಿಲ್ಬೇಕು ಅಂತ ಗೊತ್ತಾಗದ ಹಾಗೆ. 13 ಪಾಯಿಂಟಿನ ಗೆಲುವು. ಎಂಟು ವರ್ಷದ ಶಾಪ ಹೋಯ್ತು ಅಂತ ನಾನು ಅಂಗಳದಲ್ಲಿ ಕೂಗಿದ್ದಕ್ಕೆ ಅಮ್ಮ ಹಾವು ಕಂಡಿತಾ ಅಂತ ಓಡಿ ಬಂದಿದ್ರು. ಮುಂದಿನ ವಾರ ಅದೇ ಗ್ರೌಂಡಿನಲ್ಲಿ ಜೀಲಾಂಗ್ ಇವರನ್ನು 71 ಪಾಯಿಂಟಿನಿಂದ ಸೋಲಿಸಿತು. ಒಂದು ದಿನ ಬೇರೆ ಥರ ಆಡಿದ ಮಾತ್ರಕ್ಕೆ ಅಭ್ಯಾಸ ಬದಲಾಗುದಿಲ್ಲ.

2023ರ ಗ್ರ್ಯಾಂಡ್ ಫೈನಲ್ ಬಗ್ಗೆ ಬರೀಲಿಕ್ಕೆ ಈಗಲೂ ಹೊಟ್ಟೆ ಉರೀತದೆ. ನಮ್ಮಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಶುರು. ಸ್ಟೇಡಿಯಂನಲ್ಲಿ 1,00,024 ಜನ, ಹೆಚ್ಚಿನವರು ಕಾಲಿಂಗ್‌ವುಡ್‌ನ ಕಪ್ಪು ಬಿಳಿ ಪಟ್ಟಿಯವರು. 90ಕ್ಕೆ 86, ನಾಲ್ಕು ಪಾಯಿಂಟಿಗೆ ಹೋಯ್ತು. ಆದ್ರೆ ಸ್ಕೋರ್ ಬಿಡಿಸಿ ನೋಡಿ, ಕಾಲಿಂಗ್‌ವುಡ್ 12 ಗೋಲ್ 18 ಬಿಹೈಂಡ್, ಲಯನ್ಸ್ 13 ಗೋಲ್ 8 ಬಿಹೈಂಡ್. ಗೋಲ್ ಹೆಚ್ಚು ಹೊಡೆದದ್ದು ಲಯನ್ಸೇ! ಹೆದರಿದವರು ಲಕ್ಷ ಜನರ ಎದುರು 21 ಸಲ ಹೊಡೆದು 13 ಸಲ ನಡು ಕಂಬದ ಒಳಗೆ ಹಾಕ್ತಾರಾ? ಕಮ್ಮಿ ಆದದ್ದು ಧೈರ್ಯ ಅಲ್ಲ, ಅವಕಾಶ. ಆಚೆಯವರಿಗೆ 30 ಸಲ ಸಿಕ್ಕಿತು, ಇವರಿಗೆ 21. ಚೆಂಡು ಹೆಚ್ಚು ಹೊತ್ತು ಯಾರ ಕಡೆ ಇತ್ತು ಅನ್ನುದು ಅದರಲ್ಲೇ ಉಂಟು. ಅದೇ ವರ್ಷ ಜುಲೈಯಲ್ಲಿ ಮೆಲ್ಬರ್ನ್ ಎದುರು ಅಲ್ಲೇ 1 ಪಾಯಿಂಟಿಗೆ ಸೋತಿದ್ರು. 64ರಿಂದ 1, 71ರಿಂದ 4. ಸೋಲು ಅಂತಲೇ ಬರೀತಾರೆ ಪೇಪರಿನಲ್ಲಿ, ಆದ್ರೆ ಇವು ಒಂದೇ ಜಾತಿಯ ಸೋಲಲ್ಲ.

ಕೋಚ್ ಕ್ರಿಸ್ ಫೇಗನ್ ಮೇಲೆ ನನಗೆ ಗೌರವ ಬಂದದ್ದು ಇಲ್ಲಿಯೇ. ಈ ಮನುಷ್ಯ ದೊಡ್ಡ ಲೀಗಿನಲ್ಲಿ ಒಂದು ಮ್ಯಾಚೂ ಆಡಿದವನಲ್ಲ, 2017ರಲ್ಲಿ ತಂಡ ಕೈಗೆ ತೆಗೊಂಡಾಗ ಆ ವರ್ಷ ಲಯನ್ಸ್ ಬಂದದ್ದು ಕೊನೇ ಸ್ಥಾನಕ್ಕೆ. 2024ರಲ್ಲಿ ಲಯನ್ಸ್ ಆಡಿದ್ದು ನೋಡಿದ್ರೆ ಹಳೇ ಎತ್ತಿ ಒದೆಯುವ ತಂಡ ಅಂತ ಗುರುತು ಸಿಗುದಿಲ್ಲ. ಗಿಡ್ಡ ಕಿಕ್, ಮಾರ್ಕ್, ಮತ್ತೆ ಗಿಡ್ಡ ಕಿಕ್, ಮತ್ತೆ ಮಾರ್ಕ್, ಎದುರಿನವರನ್ನು ಓಡಿಸಿ ಓಡಿಸಿ ಜಾಗ ತೆರೆದಾಗ ಮಾತ್ರ ಒಳಗೆ. ಮಾರ್ಕ್ ಹಿಡಿದವನಿಗೆ ಒಂದು ಕ್ಷಣ ಮೌನ ಸಿಕ್ತದೆ, ಸುತ್ತ ಎಷ್ಟು ಜನ ಕೂಗಿದ್ರೂ ಅವನನ್ನು ಮುಟ್ಟುವ ಹಾಗಿಲ್ಲ. ಪರರ ಊರಿನ ಗದ್ದಲಕ್ಕೆ ಇದಕ್ಕಿಂತ ಒಳ್ಳೆ ಮದ್ದು ನನಗೆ ಗೊತ್ತಿಲ್ಲ. ಆ ವರ್ಷ ಐದನೇ ಸ್ಥಾನದಲ್ಲಿದ್ದವರು ಸಿಡ್ನಿಗೆ ಹೋಗಿ ಅಲ್ಲಿಯ ಜಿಡಬ್ಲ್ಯುಎಸ್ ತಂಡದ ಎದುರು 44 ಪಾಯಿಂಟ್ ಹಿಂದೆ ಬಿದ್ದು 5 ಪಾಯಿಂಟಿನಿಂದ ಗೆದ್ರು, ಎಂಸಿಜಿಯಲ್ಲಿ ಜೀಲಾಂಗನ್ನು 10ರಿಂದ, ಅಲ್ಲೇ ಗ್ರ್ಯಾಂಡ್ ಫೈನಲ್‌ನಲ್ಲಿ ಸಿಡ್ನಿ ಸ್ವಾನ್ಸನ್ನು 120ಕ್ಕೆ 60.

ಹಾಗಾದ್ರೆ 2025ರ ಓಣಂ ದಿನ ಯಾಕೆ ಸೋತ್ರು, ಹುಡುಗ ಕೇಳಿದ್ದು ಅದನ್ನೇ ಅಲ್ವಾ. ಆ ದಿನ ಜೀಲಾಂಗ್‌ನವರು ಇವರ ಗಿಡ್ಡ ಕಿಕ್ಕಿಗೆ ಜಾಗ ಕೊಡ್ಲಿಲ್ಲ, ಒತ್ತಡ ಹಾಕಿ ಹಾಕಿ ಮತ್ತೆ ಎತ್ತಿ ಒದೆಯುವ ಹಾಗೆ ಮಾಡಿದ್ರು, ನಾನು ನೋಡಿದಷ್ಟು ಅದೇ. ಹಳೇ ಅಭ್ಯಾಸ ಒಳಗೆ ಎಲ್ಲೋ ಇರ್ತದೆ, ಬಲವಾದವರು ಅದನ್ನು ಹೊರಗೆ ಎಳೆದು ತರ್ತಾರೆ. ಆ ಸೋಲಿಗೆ ಹೊರಗೆ ಬೀಳ್ಲಿಲ್ಲ, ನಂತರ ಗಾಬಾದಲ್ಲಿ ಗೋಲ್ಡ್ ಕೋಸ್ಟನ್ನು, ಎಂಸಿಜಿಯಲ್ಲಿ ಕಾಲಿಂಗ್‌ವುಡ್ಡನ್ನು ಸೋಲಿಸಿದ್ರು, ಕೊನೆಗೆ ಗ್ರ್ಯಾಂಡ್ ಫೈನಲ್, ಸೆಪ್ಟೆಂಬರ್ 27ರಂದು ಅದೇ ಗ್ರೌಂಡ್, ಅದೇ ಜೀಲಾಂಗ್, 122ಕ್ಕೆ 75. 22 ದಿನದಲ್ಲಿ 38ರ ಸೋಲು 47ರ ಗೆಲುವಾಯ್ತು. ಗಾಯ ಮಾಡಿಕೊಂಡಿದ್ದ ನೀಲ್ ಸಬ್ ಆಗಿ ಇಳಿದು ಗೋಲ್ ಕೂಡ ಹೊಡೆದ. ನವರಾತ್ರಿಯ ಶನಿವಾರ ಅದು, ಅಮ್ಮ ಪೂಜೆಗೆ ಹೂ ಕೊಯ್ತಾ ಇದ್ರು, ನಾನು ಅದೇ ಹಲಸಿನ ಬುಡದಲ್ಲಿ.

ಹುಡುಗ ಆ ದಿನವೂ ಫೋನ್ ಮಾಡಿದ್ದ, ಆದ್ರೆ ಅಲ್ಲಿ ಬೀದಿಯಲ್ಲಿ ಕಾರ್ ಹಾರನ್ನಿನ ಗಲಾಟೆಗೆ ಒಂದು ಮಾತೂ ಸರಿ ಕೇಳ್ಲಿಲ್ಲ, ಪ್ರಶ್ನೆ ಅವನಿಗೆ ಮರೆತೇ ಹೋಗಿತ್ತು. ನನಗೆ ಮರೆತಿರಲಿಲ್ಲ. ಇದನ್ನು ತಂಗಿಗೆ ಕಳಿಸ್ತೇನೆ, ಅವಳು ಓದಿ ಹೇಳ್ಬೇಕು, ಅವನು ಕನ್ನಡ ಓದ್ಲಿಕ್ಕೆ ಕಲೀತಾ ಇದ್ದಾನೆ, ಒತ್ತಕ್ಷರ ಬಂದಲ್ಲಿ ಇನ್ನೂ ನಿಲ್ತಾನೆ.